ಫೈರ್ ಎಂಬ್ಲೆಮ್: ಒಂದೇ ಕ್ಯಾಸೆಟ್‌ಗೆ ದುಡ್ಡಿದ್ದರೆ ಯಾವುದನ್ನು ತಗೊಳ್ಳುವುದು?

ಸಿರುಗುಪ್ಪದಿಂದ ನಮ್ಮ ಚಿಕ್ಕಪ್ಪನ ಮಗ ಡಿಗ್ರಿ ಓದಲು ಬಳ್ಳಾರಿಗೆ ಬಂದಿದ್ದಾನೆ. ಇರುವುದು ನಮ್ಮ ಮನೆಯಲ್ಲೇ. ರಾತ್ರಿ ನಾನು ಆಡುವಾಗ ಪಕ್ಕದಲ್ಲಿ ಕೂತು ನೋಡಿ ನೋಡಿ ಅವನಿಗೂ ಫೈರ್ ಎಂಬ್ಲೆಮ್ ಅನ್ನುವ ವಿಡಿಯೊ ಗೇಮ್‌ನ ಹುಚ್ಚು ಹತ್ತಿದೆ. ಗೆಳೆಯನ ಹತ್ತಿರ ಹಳೆಯ ಸ್ವಿಚ್ ಒಂದನ್ನು, ಅಂದರೆ ನಿಂಟೆಂಡೊ ಕಂಪನಿಯ ಗೇಮ್ ಆಡುವ ಯಂತ್ರವನ್ನು, ಕೊಂಡಿದ್ದಾನೆ. ಈಗ ಅವನ ಕೈಯಲ್ಲಿ ಒಂದೇ ಗೇಮ್ ಕ್ಯಾಸೆಟ್‌ಗೆ ಸಾಕಾಗುವಷ್ಟು ದುಡ್ಡಿದೆ.

"ಅಣ್ಣ, ಯಾವುದು ತಗೊಳ್ಳಲಿ?" ಅಂದ.

ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಇದೇ ಪ್ರಶ್ನೆ ಇಟ್ಟುಕೊಂಡ ಬೇರೆಯವರೂ ಇರುತ್ತಾರೆ ಅಲ್ವಾ? ಅದಕ್ಕೇ ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಟದ ಪರಿಚಯ. ಫೈರ್ ಎಂಬ್ಲೆಮ್ ಜಪಾನಿನ ಸರಣಿ. ಇಂಟೆಲಿಜೆಂಟ್ ಸಿಸ್ಟಮ್ಸ್ ಅನ್ನುವ ಕಂಪನಿ ನಿಂಟೆಂಡೊಗಾಗಿ ಮಾಡುತ್ತದೆ. ಮೊದಲನೆಯದು ಬಂದದ್ದು 1990ರಲ್ಲಿ. ಜಪಾನಿನ ಹೊರಗೆ ಮೊದಲು ಬಂದದ್ದು 2003ರಲ್ಲಿ. ನಡುವಿನ ಆಟಗಳೆಲ್ಲ ಜಪಾನಿನವರಿಗೆ ಮಾತ್ರ. ಚದುರಂಗದ ಹಾಗೆ ಚೌಕ ಚೌಕದ ನೆಲ. ಒಂದು ಸರದಿ ನಿಮ್ಮದು, ಇನ್ನೊಂದು ವೈರಿಯದು. ಕತ್ತಿ ಕೊಡಲಿಯನ್ನು ಸೋಲಿಸುತ್ತದೆ, ಕೊಡಲಿ ಭರ್ಜಿಯನ್ನು, ಭರ್ಜಿ ಕತ್ತಿಯನ್ನು. ಚದುರಂಗದ ಕಾಯಿಗೆ ಹೆಸರಿಲ್ಲ, ಇಲ್ಲಿ ಪ್ರತಿ ಕಾಯಿಗೂ ಹೆಸರಿದೆ. ಮುಖ, ಊರು, ಗೆಳೆಯರು, ಭಯ ಎಲ್ಲ ಇದೆ. ಅಕ್ಕಪಕ್ಕ ನಿಂತು ಹೋರಾಡಿದವರು ಆಮೇಲೆ ಕೂತು ಮಾತಾಡುತ್ತಾರೆ. ಹತ್ತಿರವಾಗುತ್ತಾರೆ.

ಸತ್ತರೆ ಸತ್ತಂಗೆ. ಆ ಮುಖ ಮತ್ತೆ ಬರುವುದಿಲ್ಲ.

ಈ ಒಂದು ನಿಯಮದ ಮೇಲೆ ಇಡೀ ಸರಣಿ ನಿಂತಿದೆ. ನನ್ನ ಸಿಟ್ಟು, ಸಂತೋಷ ಎರಡೂ ಅಲ್ಲಿಂದಲೇ ಹುಟ್ಟುತ್ತವೆ. ಯಾವ ಆಟ ತಗೊಳ್ಳಬೇಕು ಅನ್ನುವುದಕ್ಕೂ ನಾನು ಹಿಡಿಯುವ ಅಳತೆ ಅದೇ. ಈ ಆಟ ನನ್ನ ಸೈನಿಕನ ಮೇಲೆ ನನಗೆ ಪ್ರೀತಿ ಹುಟ್ಟಿಸುತ್ತದಾ? ಅವನನ್ನು ಕಳೆದುಕೊಂಡರೆ ಅದು ನನ್ನ ತಪ್ಪು ಅನಿಸುತ್ತದಾ, ಇಲ್ಲ ಆಟ ಮೋಸ ಮಾಡಿತು ಅನಿಸುತ್ತದಾ?

2003ರ ಹಳೆಯ ಆಟ

ಗೇಮ್‌ಬಾಯ್ ಅಡ್ವಾನ್ಸ್ ಅನ್ನುವ ನಿಂಟೆಂಡೊದ ಹಳೆಯ ಯಂತ್ರಕ್ಕೆ ಬಂದ ಆಟ ಇದು. ಡಬ್ಬದ ಮೇಲೆ ಸುಮ್ನೆ ಫೈರ್ ಎಂಬ್ಲೆಮ್ ಅಂತಷ್ಟೇ ಇತ್ತು. ಈಗ ಬ್ಲೇಜಿಂಗ್ ಬ್ಲೇಡ್ ಅಂತ ಕರೆಯುತ್ತಾರೆ. ಲಿನ್, ಎಲಿವುಡ್, ಹೆಕ್ಟರ್ ಮೂವರ ಕಥೆ. 2023ರ ಜೂನ್‌ನಿಂದ ಸ್ವಿಚ್‌ನಲ್ಲೂ ಸಿಗುತ್ತಿದೆ. ಆದರೆ ಆನ್‌ಲೈನ್ ಚಂದಾದ ದೊಡ್ಡ ಪ್ಯಾಕ್ ಹಾಕಿಸಿರಬೇಕು. ಏಳು ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್‌ಗೆ ಕನೆಕ್ಟ್ ಮಾಡಬೇಕು.

ಫ್ಲೋರಿನಾ ಬಗ್ಗೆ ಹೇಳದೆ ನನಗೆ ಈ ಆಟದ ಮಾತು ಮುಗಿಸಲು ಆಗುವುದಿಲ್ಲ. ರೆಕ್ಕೆಯ ಕುದುರೆ ಮೇಲೆ ಬರುವ ಹುಡುಗಿ. ಗಂಡಸರನ್ನು ಕಂಡರೆ ಹೆದರುತ್ತಾಳೆ. ಮೊದಮೊದಲು ಅವಳ ಏಟಿಗೆ ವೈರಿಗೆ ಏನೂ ಆಗುವುದಿಲ್ಲ. ಅವಳನ್ನು ಹಿಂದೆ ಇಟ್ಟು, ಬೇರೆಯವರು ಅರ್ಧ ಹೊಡೆದ ವೈರಿಯನ್ನು ಅವಳ ಕೈಗೆ ಕೊಟ್ಟು, ಒಂದೊಂದೇ ಲೆವೆಲ್ ಏರಿಸಿದ್ದೆ. ಹತ್ತನೇ ಲೆವೆಲ್ ಆದರೆ ಎಲಿಸಿಯನ್ ವಿಪ್ ಅನ್ನುವ ಚಾಟಿ ಕೊಟ್ಟು ಅವಳನ್ನು ಫಾಲ್ಕೊನೈಟ್, ಅಂದರೆ ಇನ್ನೂ ಬಲದ ಯೋಧೆ, ಮಾಡಬಹುದು. ಚಾಟಿ ಆಗಲೇ ಚೀಲದಲ್ಲಿತ್ತು. ಅವಳು ಒಂಬತ್ತನೇ ಲೆವೆಲ್‌ನಲ್ಲಿದ್ದಳು. ನೂರು ಅಂಕ ತುಂಬಿದರೆ ಲೆವೆಲ್ ಏರುತ್ತದೆ, ತೊಂಬತ್ತು ಚಿಲ್ಲರೆ ತುಂಬಿತ್ತು.

ಇನ್ನೊಬ್ಬ ಕೊಡಲಿಯವನನ್ನು ಹೊಡೆದರೆ ಆಯಿತು ಅಂತ ಅವಳನ್ನು ಒಂದು ಚೌಕ ಮುಂದೆ ಕಳಿಸಿದೆ. ಒಂದೇ ಒಂದು ಚೌಕ. ಮರದ ಹಿಂದೆ ಬಿಲ್ಲುಗಾರ ನಿಂತಿದ್ದ. ಹಾರುವವರಿಗೆ ಬಾಣ ತಾಗಿದರೆ ಪೆಟ್ಟು ಬಹಳ ಜೋರು, ಅದು ನನಗೂ ಗೊತ್ತಿತ್ತು. ಎಣಿಸಿ ನೋಡಿರಲಿಲ್ಲ, ಅಷ್ಟೇ. ಬಾಣ ತಾಗಿತು. ಎರಡು ಸಾಲು ಮಾತಾಡಿ ಹೋಗಿಬಿಟ್ಟಳು. ಚಾಟಿ ಚೀಲದಲ್ಲೇ ಉಳಿಯಿತು.

ಆವತ್ತು ನಾನು ಆಟ ಆಫ್ ಮಾಡಿ ಮೊದಲಿಂದ ಶುರು ಮಾಡಲಿಲ್ಲ. ಹಾಗೇ ಮುಂದುವರಿಸಿದೆ. ಕೊನೆಯ ಯುದ್ಧದವರೆಗೂ ಆ ಚಾಟಿ ನನ್ನ ಸಾಮಾನಿನ ಪಟ್ಟಿಯಲ್ಲಿತ್ತು. ಪ್ರತಿ ಸಲ ಪಟ್ಟಿ ತೆಗೆದಾಗಲೂ ಕಣ್ಣಿಗೆ ಬೀಳುತ್ತಿತ್ತು. ಬೇರೆ ಯಾವ ಆಟವೂ ನನಗೆ ಇಂಥ ಬೇಜಾರು ಕೊಟ್ಟಿಲ್ಲ. ಇಷ್ಟು ಹತ್ತಿರವೂ ಆಗಿಲ್ಲ.

ಇದರಲ್ಲಿ ಸಿಟ್ಟು ಬರಿಸುವ ಸಂಗತಿಗಳೂ ಇವೆ. ಆಯುಧ ಸವೆಯುತ್ತದೆ. ಕಬ್ಬಿಣದ ಕತ್ತಿ 46 ಸಲ ಬಳಸಿದರೆ ಮುರಿಯುತ್ತದೆ. ಒಳ್ಳೆಯ ಕತ್ತಿಗಳು ಇನ್ನೂ ಬೇಗ ಹೋಗುತ್ತವೆ. ಹಾಗಾಗಿ ಒಳ್ಳೆಯದನ್ನೆಲ್ಲ ಮುಂದಕ್ಕೆ ಇರಲಿ ಅಂತ ಕೂಡಿಟ್ಟು, ಕೂಡಿಟ್ಟದ್ದನ್ನು ಬಳಸದೆಯೇ ಆಟ ಮುಗಿದುಹೋಗುತ್ತದೆ. ಕೆಲವು ಕಡೆ ಮಂಜು ಕವಿದಿರುತ್ತದೆ, ವೈರಿ ಎಲ್ಲಿದ್ದಾನೆ ಅಂತ ಕಾಣುವುದೇ ಇಲ್ಲ. ಕೆಲವು ಹೆಚ್ಚಿನ ಅಧ್ಯಾಯಗಳು ತೆರೆದುಕೊಳ್ಳಲು ಗುಟ್ಟಿನ ಷರತ್ತುಗಳಿವೆ, ಆಟ ಅದನ್ನು ಹೇಳುವುದಿಲ್ಲ.

ಇನ್ನೊಂದು ಗೊತ್ತಿರಲಿ. ಈ ಆಟದಲ್ಲಿ ತಾಗುವ ಸಾಧ್ಯತೆ 70 ಅಂತ ತೋರಿಸಿದರೆ, ಒಳಗಿನ ಲೆಕ್ಕದಲ್ಲಿ ಅದು 82ರ ಹತ್ತಿರ. 30 ಅಂತ ತೋರಿಸಿದರೆ 18ರ ಹತ್ತಿರ. ಎರಡು ಸಂಖ್ಯೆ ಎತ್ತಿ ಅವುಗಳ ಸರಾಸರಿ ಹಿಡಿಯುತ್ತದೆ, ಅದಕ್ಕೆ ಹೀಗೆ. ಅಂದರೆ ಒಳ್ಳೆಯ ನಡೆಗೆ ಆಟ ಸದ್ದಿಲ್ಲದೆ ಸಹಾಯ ಮಾಡುತ್ತದೆ, ಮೊಂಡು ಧೈರ್ಯಕ್ಕೆ ಮಾಡುವುದಿಲ್ಲ. ಇದು ಗೊತ್ತಾದ ಮೇಲೆ ನನಗೆ ಈ ಆಟದ ಮೇಲೆ ಗೌರವ ಜಾಸ್ತಿ ಆಯಿತು.

ಶುರುವಿನಲ್ಲಿ ಬರುವ ಲಿನ್‌ಳ ಕಥೆಯ ಅಧ್ಯಾಯಗಳು ಕೈಹಿಡಿದು ಕಲಿಸುತ್ತವೆ. ಆಮೇಲೆ ಎಲಿವುಡ್‌ನ ಕಥೆ. ಅದು ಮುಗಿದರೆ ಹೆಕ್ಟರ್‌ನ ಕಥೆ ತೆರೆಯುತ್ತದೆ. ಸರಣಿಯ ಮೂಲ ರುಚಿ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಸ್ವಿಚ್‌ನಲ್ಲಿ ಆಡುವಾಗ ಆಟವನ್ನು ಹಿಂದಕ್ಕೆ ಓಡಿಸುವ ಸೌಲಭ್ಯವಿದೆ. ದಯವಿಟ್ಟು ಅದನ್ನು ಮುಟ್ಟಬೇಡಿ.

ತ್ರೀಡಿಎಸ್ ಆಟಗಳು

ತ್ರೀಡಿಎಸ್ ಅಂದರೆ ಸ್ವಿಚ್‌ಗಿಂತ ಮೊದಲು ಬಂದ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಯಂತ್ರ. ಅದರ ಆಟಗಳ ಬಗ್ಗೆ ಬೇಗ ಮುಗಿಸುತ್ತೇನೆ, ಯಾಕೆಂದರೆ ಈಗ ಕೊಳ್ಳುವುದೇ ಕಷ್ಟ. 2012ರ ಅವೇಕನಿಂಗ್ ಈ ಸರಣಿಯನ್ನು ಉಳಿಸಿದ ಆಟ. ಇದೇ ಕಡೆಯದಾಗಬಹುದು ಅಂದುಕೊಂಡೇ ಮಾಡಿದವರು ಮಾಡಿದ್ದರು. ಇಬ್ಬರನ್ನು ಜೋಡಿ ಮಾಡಿ ನಿಲ್ಲಿಸುವುದು, ಮದುವೆ, ಅವರಿಗೆ ಹುಟ್ಟಿದ ಮಕ್ಕಳೇ ಮುಂದೆ ಯುದ್ಧಕ್ಕೆ ಬರುವುದು, ಎಲ್ಲ ಇದೆ. ಬಹಳ ಖುಷಿಯ ಆಟ. ಆದರೆ ಹಾರ್ಡ್ ಅನ್ನುವ ಕಷ್ಟದ ಮಟ್ಟದಲ್ಲಿ ಆಡಿದರೆ ಹೊಸ ವೈರಿಗಳು ಬಂದ ಸರದಿಯಲ್ಲೇ ಹೊಡೆಯುತ್ತಾರೆ. ಎಣಿಸಲು ಅವಕಾಶವೇ ಇಲ್ಲ. ಇದನ್ನು ನಾನು ಮೋಸ ಅಂತಲೇ ಕರೆಯುತ್ತೇನೆ.

ಆಮೇಲೆ ಬಂದದ್ದು ಫೇಟ್ಸ್, 2015ರಲ್ಲಿ. ಬರ್ಥ್‌ರೈಟ್, ಕಾಂಕ್ವೆಸ್ಟ್, ರೆವೆಲೇಶನ್ ಅಂತ ಒಂದೇ ಕಥೆಯನ್ನು ಮೂರು ತುಂಡು ಮಾಡಿದರು. ಇದರಲ್ಲಿ ಕಾಂಕ್ವೆಸ್ಟ್‌ನ ಯುದ್ಧದ ನಕ್ಷೆಗಳು ಇಡೀ ಸರಣಿಯಲ್ಲೇ ನನಗೆ ಅತಿ ಇಷ್ಟ. ಕಥೆ ಮಾತ್ರ ನಂಬುವ ಹಾಗಿಲ್ಲ.

ಕೊಳ್ಳುವವರಿಗೆ ಎರಡು ಎಚ್ಚರಿಕೆ. ತ್ರೀಡಿಎಸ್ ಯಂತ್ರ ಒಂದು ದೇಶದ್ದು, ಕ್ಯಾಸೆಟ್ ಇನ್ನೊಂದು ದೇಶದ್ದು ಆದರೆ ಓಡದಿರಬಹುದು. ಅಮೆರಿಕದ ಯಂತ್ರಕ್ಕೆ ಯುರೋಪಿನ ಕ್ಯಾಸೆಟ್ ಹಾಕಿದರೆ ನಡೆಯುವುದಿಲ್ಲ. ಇನ್ನೊಂದು, ಅದರ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಸೆಕೆಂಡ್ ಹ್ಯಾಂಡ್ ಬರ್ಥ್‌ರೈಟ್ ಕ್ಯಾಸೆಟ್ ಕೊಂಡರೆ ನಿಮಗೆ ಸಿಗುವುದು ಬರ್ಥ್‌ರೈಟ್ ಮಾತ್ರ. ಉಳಿದ ತುಂಡುಗಳನ್ನು ಈಗ ದುಡ್ಡು ಕೊಟ್ಟರೂ ಅದಕ್ಕೆ ಇಳಿಸಿಕೊಳ್ಳಲು ಆಗುವುದಿಲ್ಲ. ಮೂರೂ ಇದ್ದ ವಿಶೇಷ ಕ್ಯಾಸೆಟ್ ಒಂದು ಬಂದಿತ್ತು, ಅದು ಸಿಗುವುದು ಅಪರೂಪ.

ಸ್ವಿಚ್ ಕ್ಯಾಸೆಟ್‌ಗೆ ಈ ತೊಂದರೆ ಇಲ್ಲ. ಚೀನಾಕ್ಕೆಂದೇ ಮಾಡಿದವನ್ನು ಬಿಟ್ಟರೆ ಯಾವ ದೇಶದ ಕ್ಯಾಸೆಟ್ ಆದರೂ ಯಾವ ಸ್ವಿಚ್‌ನಲ್ಲಾದರೂ ಓಡುತ್ತದೆ. ದುಬೈನಿಂದ ಯಾರಾದರೂ ಬರುತ್ತಿದ್ದರೆ ಧೈರ್ಯವಾಗಿ ತರಿಸಿ. ನನ್ನವು ಬಂದದ್ದೂ ಹಾಗೇ.

ಹಾಗಾಗಿ ನಮ್ಮ ಹುಡುಗನಿಗೆ ನಿಜವಾದ ಆಯ್ಕೆ ಇರುವುದು ಎರಡರ ನಡುವೆ.

ತ್ರೀ ಹೌಸಸ್

2019ರ ಜುಲೈನಲ್ಲಿ ಬಂತು. ನೀವು ಗ್ಯಾರೆಗ್ ಮ್ಯಾಕ್ ಅನ್ನುವ ಮಠದಲ್ಲಿ ಮೇಷ್ಟ್ರು. ಮೂರು ತರಗತಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ತರಗತಿಗೆ ಇಲ್ಲಿ ಮನೆ ಅನ್ನುತ್ತಾರೆ. ಕಪ್ಪು ಹದ್ದುಗಳ ಮನೆಗೆ ಎಡೆಲ್‌ಗಾರ್ಡ್ ಮುಖ್ಯಸ್ಥೆ, ನೀಲಿ ಸಿಂಹಗಳ ಮನೆಗೆ ಡಿಮಿಟ್ರಿ, ಬಂಗಾರದ ಜಿಂಕೆಗಳ ಮನೆಗೆ ಕ್ಲಾಡ್. ಪಾಠ ಹೇಳುತ್ತೀರಿ, ಜೊತೆಯಲ್ಲಿ ಊಟ ಮಾಡುತ್ತೀರಿ, ಚಹಾ ಕುಡಿಯುತ್ತೀರಿ, ಅವರು ಕಳೆದುಕೊಂಡ ಸಾಮಾನನ್ನು ಹುಡುಕಿ ಕೊಡುತ್ತೀರಿ. ಅರ್ಧ ಕಥೆ ಆದಮೇಲೆ ಐದು ವರ್ಷ ದಾಟುತ್ತದೆ. ಯುದ್ಧ ಶುರುವಾಗಿರುತ್ತದೆ. ಆಗ ಎದುರಿಗೆ ನಿಲ್ಲುವವರೂ ನಿಮಗೆ ಗೊತ್ತಿದ್ದ ಮಕ್ಕಳೇ.

ಒಂದು ಜಾಗದ ಬಗ್ಗೆ ಮಾತ್ರ ಹೇಳುತ್ತೇನೆ. ಕಥೆ ಮೊದಲೇ ತಿಳಿಯುವುದು ಬೇಡ ಅನ್ನುವವರು ಮುಂದಿನ ಪ್ಯಾರಾ ಬಿಟ್ಟುಬಿಡಿ.

ಮೊದಲ ಭಾಗದಲ್ಲಿ ಗ್ರಾಂಡರ್ ಅನ್ನುವ ಬಯಲಿನಲ್ಲಿ ಮೂರೂ ತರಗತಿಗಳಿಗೆ ಪಂದ್ಯ ನಡೆಯುತ್ತದೆ. ನಡುವೆ ಒಂದು ದಿಬ್ಬ, ಅದರ ಮೇಲೆ ದೂರಕ್ಕೆ ಹೊಡೆಯುವ ದೊಡ್ಡ ಬಿಲ್ಲು. ಎಲ್ಲರೂ ಅದಕ್ಕಾಗಿ ಓಡುತ್ತಾರೆ. ಪಂದ್ಯ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುತ್ತಾರೆ. ಎರಡನೇ ಭಾಗದಲ್ಲಿ, ಸಿಂಹ ಮತ್ತು ಜಿಂಕೆಗಳ ದಾರಿಯಲ್ಲಿ, ಅದೇ ಬಯಲು ಮತ್ತೆ ಬರುತ್ತದೆ. ಅದೇ ದಿಬ್ಬ, ಅದೇ ಮುಖಗಳು. ಈ ಸಲ ಪಂದ್ಯ ಅಲ್ಲ. ನೀವು ಹಳೆಯ ನೆನಪಿನ ಮೇಲೆ ದಿಬ್ಬ ಹಿಡಿಯಲು ಹೋಗುತ್ತೀರಿ. ಎಡೆಲ್‌ಗಾರ್ಡ್ ಆ ದಿಬ್ಬಕ್ಕೇ ಬೆಂಕಿ ಹಚ್ಚಿಸುತ್ತಾಳೆ. ಮೇಲೆ ಅವಳದೇ ಕಡೆಯ ಬರ್ನಡೆಟಾ ಇರುತ್ತಾಳೆ. ನಾನು ಆಟ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ.

ಇಂಥ ಜಾಗಗಳಿಗಾಗಿ ಈ ಆಟವನ್ನು ಎಷ್ಟು ಸಲವಾದರೂ ಕ್ಷಮಿಸುತ್ತೇನೆ. ಕ್ಷಮಿಸಬೇಕಾದದ್ದೂ ಬೇಕಾದಷ್ಟಿದೆ.

ಕಥೆ ಸಾಗುವ ದಾರಿಗಳು ಒಟ್ಟು ನಾಲ್ಕಿವೆ. ನಾಲ್ಕನ್ನೂ ನೋಡಿದರೆ ಮಾತ್ರ ಯಾರ ತಪ್ಪು ಎಷ್ಟು ಅಂತ ಅರ್ಥವಾಗುವುದು. ಆದರೆ ಮೊದಲರ್ಧ, ಅಂದರೆ ಹನ್ನೆರಡು ಅಧ್ಯಾಯ, ಯಾವ ಮನೆ ಆರಿಸಿದರೂ ಹೆಚ್ಚುಕಡಿಮೆ ಅದೇ. ಮೂರನೇ ಸಲ ಅದೇ ಅಂಗಳದಲ್ಲಿ ಓಡಾಡಿ ಅದೇ ಮೀನು ಹಿಡಿಯುವಾಗ ಬೇಸರ ತಡೆಯಲು ಆಗುವುದಿಲ್ಲ. ನನಗೆ ಸಿಗುವುದು ರಾತ್ರಿ ಹತ್ತರಿಂದ ಹನ್ನೊಂದೂವರೆ. ಜೀನ್ಸ್ ಘಟಕದಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ದಸರಾ, ದೀಪಾವಳಿ ಆರ್ಡರ್ ಬಂದರೆ ಆ ಒಂದೂವರೆ ಗಂಟೆಯೂ ಇಲ್ಲ. ಆಟದೊಳಗಿನ ಮಠದ ಒಂದು ಭಾನುವಾರಕ್ಕೇ ನಲವತ್ತು ನಿಮಿಷ ಹೋಗುತ್ತದೆ. ಕತ್ತಿ ಎತ್ತುವ ಮೊದಲೇ ಮಲಗುವ ಹೊತ್ತಾಗಿರುತ್ತದೆ. ಮೊದಲ ದಾರಿ ಮುಗಿಸಲು ನನಗೆ ಅರವತ್ತು ಗಂಟೆಗೂ ಜಾಸ್ತಿ ಬೇಕಾಯಿತು.

ಯುದ್ಧದ ಕಡೆಗೂ ಕೊರತೆ ಇದೆ. ಕತ್ತಿ, ಕೊಡಲಿ, ಭರ್ಜಿಯ ಸುತ್ತು ಇಲ್ಲಿಲ್ಲ. ಯಾರನ್ನು ಬೇಕಾದರೂ ಹೆಚ್ಚುಕಡಿಮೆ ಯಾವ ಬಗೆಯ ಯೋಧರನ್ನಾಗಿ ಬೇಕಾದರೂ ಮಾಡಬಹುದು. ಮೊದಲು ಅದು ಖುಷಿ ಕೊಡುತ್ತದೆ, ಆಮೇಲೆ ಎಲ್ಲರೂ ಡ್ರ್ಯಾಗನ್ ಏರಿ ಒಂದೇ ತರಹ ಆಗಿಬಿಡುತ್ತಾರೆ. ತಪ್ಪು ಮಾಡಿದರೆ ಕಾಲವನ್ನು ಹಿಂದಕ್ಕೆ ತಿರುಗಿಸಬಹುದು. ಮೊದಲಿಗೆ ಅದು ಕೆಲವೇ ಸಲ ಸಿಗುತ್ತದೆ, ಆಮೇಲೆ ಹೆಚ್ಚಿಸಿಕೊಳ್ಳಬಹುದು. ಹೊಸಬರಿಗೆ ಇದು ಒಳ್ಳೆಯದೇ. ಒಂದು ಚೌಕದ ತಪ್ಪಿಗೆ ಒಂದು ಗಂಟೆಯ ಆಟ ಹೋಗುವುದಿಲ್ಲ.

ಎಂಗೇಜ್

2023ರ ಜನವರಿಯದು. ಸಾವಿರ ವರ್ಷ ಮಲಗಿದ್ದ ಅಲಿಯರ್ ಎದ್ದು ಹನ್ನೆರಡು ಉಂಗುರಗಳನ್ನು ಹುಡುಕುವ ಕಥೆ. ಒಂದೊಂದು ಉಂಗುರದಲ್ಲೂ ಹಳೆಯ ಆಟಗಳ ಒಬ್ಬೊಬ್ಬ ವೀರ ಇದ್ದಾನೆ. ಮಾರ್ತ್, ಐಕ್, ನಮ್ಮ ಲಿನ್ ಕೂಡ.

ಕಥೆ ಸಾಧಾರಣ. ಇನ್ನೊಂದು ಕ್ಷಣದಲ್ಲಿ ಪ್ರಾಣ ಬಿಡುವವರು ಐದು ನಿಮಿಷ ಮಾತಾಡುತ್ತಾರೆ. ಕಣ್ಣೀರು ಬರಬೇಕಾದ ಕಡೆ ನನಗೆ ಒಂದು ಹನಿಯೂ ಬರಲಿಲ್ಲ. ಇನ್ನೊಂದು ದೂರು, ಮೊದಲಿಂದ ಕಷ್ಟಪಟ್ಟು ಬೆಳೆಸಿದವರಿಗಿಂತ ನಡುವೆ ಬಂದು ಸೇರಿದವರೇ ಜೋರಾಗಿರುತ್ತಾರೆ. ಫ್ಲೋರಿನಾಳನ್ನು ಬೆಳೆಸಿದ ನನ್ನಂಥವರಿಗೆ ಇದು ನೋವು.

ಆದರೆ ಯುದ್ಧ! ಆಯುಧಗಳ ಸುತ್ತು ಮತ್ತೆ ಬಂದಿದೆ. ಸರಿಯಾದ ಆಯುಧದಿಂದ ಹೊಡೆದರೆ ವೈರಿಯ ಕೈಯಿಂದ ಆಯುಧ ಬೀಳುತ್ತದೆ, ಅವನು ತಿರುಗಿ ಹೊಡೆಯಲಾರ. ಇದು ನಿಮಗೆಷ್ಟೋ ಅವರಿಗೂ ಅಷ್ಟೇ. ಕತ್ತಿ, ಭರ್ಜಿಗಳು ಸವೆಯುವುದಿಲ್ಲ, ಕೂಡಿಡುವ ಚಿಂತೆಯಿಲ್ಲ. ಸಿಗರ್ಡ್‌ನ ಉಂಗುರ ತೊಟ್ಟವರು ಹೊಡೆದ ಮೇಲೂ ಎರಡು ಚೌಕ ಹಿಂದೆ ಸರಿಯಬಹುದು. ಆ ಎರಡು ಚೌಕ ಇಡೀ ಯುದ್ಧವನ್ನೇ ಬದಲಿಸುತ್ತದೆ. ಫ್ಲೋರಿನಾಗೆ ಒಂದೇ ಸಾಕಿತ್ತು.

ನೆಲವನ್ನು ಓದುವುದು ಇಲ್ಲಿ ಬಹಳ ಮುಖ್ಯ. ನಮ್ಮ ಬಳ್ಳಾರಿ ಕೋಟೆಯ ಬಗ್ಗೆ ಒಂದು ಕಥೆ ಹೇಳುತ್ತಾರಲ್ಲ, ಹೈದರ್ ಅಲಿ ಫ್ರೆಂಚ್ ಎಂಜಿನಿಯರ್ ಒಬ್ಬನಿಂದ ಕೋಟೆ ಕಟ್ಟಿಸಿದ, ಎಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಅಂತ ಗೊತ್ತಾಯಿತು, ಸಿಟ್ಟಿಗೆ ಆ ಎಂಜಿನಿಯರ್‌ನನ್ನು ಗಲ್ಲಿಗೆ ಹಾಕಿಸಿದ ಅಂತ. ನಿಜವೋ ಸುಳ್ಳೋ, ಊರಲ್ಲಿ ಎಲ್ಲರ ಬಾಯಲ್ಲೂ ಇರುವ ಕಥೆ. ಎಂಗೇಜ್ ಆಡುವಾಗ ನನಗೆ ಅದು ನೆನಪಾಗುತ್ತದೆ. ಮೊದಲ ಸರದಿಯಲ್ಲಿ ಏನೂ ಮಾಡದೆ ಪರದೆಯ ಮೂಲೆಮೂಲೆ ನೋಡಬೇಕು. ಎತ್ತರ ಎಲ್ಲಿದೆ, ಪೊದೆ ಎಲ್ಲಿದೆ, ಬಿಲ್ಲುಗಾರನ ಕೈ ಎಲ್ಲಿಯವರೆಗೆ ಬರುತ್ತದೆ. ಹಾಗೆ ನೋಡದೆ ಕೋಟೆ ಕಟ್ಟಿದರೆ ಗತಿ ಗೊತ್ತೇ ಇದೆ.

ಹನ್ನೊಂದನೇ ಅಧ್ಯಾಯದ ಬಗ್ಗೆ ಒಂದು ಮಾತು. ಅಲ್ಲಿಯವರೆಗೆ ಉಂಗುರಗಳೇ ನಿಮ್ಮ ಬಲ, ಕಾಲ ಹಿಂದಕ್ಕೆ ತಿರುಗಿಸುವ ಹರಳೇ ನಿಮ್ಮ ಧೈರ್ಯ. ಆ ಅಧ್ಯಾಯದ ಶುರುವಿಗೆ ಎರಡೂ ನಿಮ್ಮ ಕೈಯಲ್ಲಿ ಇರುವುದಿಲ್ಲ. ಓಡಬೇಕು, ಅಷ್ಟೇ. ಹರಳು ಇಲ್ಲ ಅಂತ ಗೊತ್ತಾದ ಕೂಡಲೇ ನನ್ನ ಕೈ ನಿಧಾನವಾಯಿತು. ಒಂದೊಂದು ಚೌಕವನ್ನೂ ಮತ್ತೆ ಬೆರಳಿಟ್ಟು ಎಣಿಸತೊಡಗಿದೆ. ಹಳೆಯ ಆಟದ ಆ ಭಯ ಇಷ್ಟು ವರ್ಷದ ಮೇಲೆ ತಿರುಗಿ ಬಂತು. ಕಥೆಗಾರರು ಮಾಡಲಾಗದ ಕೆಲಸವನ್ನು ಆ ಒಂದು ನಕ್ಷೆ ಮಾಡಿತು.

ಒಂದು ಅಧ್ಯಾಯ ಸುಮಾರು ಒಂದು ಗಂಟೆಯಲ್ಲಿ ಮುಗಿಯುತ್ತದೆ. ಕೆಲಸಕ್ಕೆ ಹೋಗುವವರಿಗೆ ಇದು ಸಣ್ಣ ವಿಷಯವಲ್ಲ.

ಸ್ವಿಚ್ ಇಲ್ಲದವರು

ಕಂಪ್ಯೂಟರ್ ಮಾತ್ರ ಇದ್ದರೆ ಬ್ಯಾಟಲ್ ಫಾರ್ ವೆಸ್ನಾತ್ ಆಡಿ ನೋಡಿ. 2003ರಿಂದ ಇದೆ, ಪೂರ್ತಿ ಉಚಿತ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಅಲ್ಲಿ ಚೌಕದ ಬದಲು ಆರು ಮೂಲೆಯ ಮನೆಗಳು. ನಿಂತ ನೆಲವನ್ನು ನೋಡಿ ಏಟು ತಾಗುವ ಸಾಧ್ಯತೆ ನಿರ್ಧಾರವಾಗುತ್ತದೆ. ಬದುಕುಳಿದವರು ಮುಂದಿನ ಯುದ್ಧಕ್ಕೆ ಬರುತ್ತಾರೆ, ಸತ್ತವರು ಬರುವುದಿಲ್ಲ. ಫೈರ್ ಎಂಬ್ಲೆಮ್‌ನಷ್ಟು ಮಾತುಕತೆ ಇಲ್ಲ. ಆದರೆ ಈ ಬಗೆಯ ಆಟ ನಿಮಗೆ ಹಿಡಿಸುತ್ತದಾ ಅಂತ ಒಂದು ರೂಪಾಯಿ ಖರ್ಚಿಲ್ಲದೆ ತಿಳಿಯುತ್ತದೆ.

ಹಾಗಾದರೆ ಯಾವುದು?

ಕಥೆಯ ಜನರಿಗಾಗಿ ಆಡುವವರು, ಒಂದು ಆಟದಲ್ಲಿ ತಿಂಗಳುಗಟ್ಟಲೆ ಇರಲು ಇಷ್ಟಪಡುವವರು ತ್ರೀ ಹೌಸಸ್ ತಗೊಳ್ಳಿ. ಶುರುವಿಗೆ ನೀಲಿ ಸಿಂಹಗಳ ಮನೆ ಆರಿಸಿ. ಡಿಮಿಟ್ರಿಯ ಕಥೆಯಷ್ಟು ಪೂರ್ಣವಾದದ್ದು ಉಳಿದ ದಾರಿಗಳಲ್ಲಿ ಇಲ್ಲ. ಸರಣಿಯಲ್ಲಿ ಒಂದೇ ಒಂದನ್ನು ಉಳಿಸಿಕೋ ಅಂದರೆ ನಾನು ಉಳಿಸಿಕೊಳ್ಳುವುದೂ ಇದನ್ನೇ.

ಆದರೆ ನಮ್ಮ ಹುಡುಗನಿಗೆ ನಾನು ಹೇಳಿದ್ದು ಎಂಗೇಜ್. ಅವನಿಗೆ ಆಶ್ಚರ್ಯವಾಯಿತು.

"ನೀನು ಯಾವಾಗಲೂ ತ್ರೀ ಹೌಸಸ್ ಅಂತೀಯಲ್ಲಣ್ಣ?"

"ಅದು ನನಗೆ. ನೀನು ಹದಿನೈದು ದಿನದಿಂದ ನೋಡ್ತಿದ್ದೀಯ. ಮಾತುಕತೆ ಬಂದಾಗೆಲ್ಲ ಮೊಬೈಲ್ ತೆಗೀತಿದ್ದೆ. ಯುದ್ಧ ಶುರುವಾದ್ರೆ ನನಗಿಂತ ಮೊದಲು ನೀನೇ 'ಅಲ್ಲಿ ಹೋಗಬ್ಯಾಡ, ಬಿಲ್ಲುಗಾರ ಅದಾನ' ಅಂತಿದ್ದೆ."

ನೀವೂ ಹೀಗೇ ಪರೀಕ್ಷೆ ಮಾಡಿಕೊಳ್ಳಬಹುದು. ಯಾರಾದರೂ ಆಡುವ ವಿಡಿಯೊ ಅರ್ಧ ಗಂಟೆ ನೋಡಿ. ಕೈ ಯಾವಾಗ ಮೊಬೈಲ್ ಕಡೆ ಹೋಗುತ್ತದೆ ಅಂತ ಗಮನಿಸಿ.

ಕ್ಯಾಸೆಟ್ ಬಂದ ದಿನ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಬಂದು ಇಬ್ಬರೂ ಕೂತೆವು. ಶುರುವಿನಲ್ಲೇ ಆಟ ಎರಡು ಪ್ರಶ್ನೆ ಕೇಳುತ್ತದೆ. ಕಷ್ಟ ಎಷ್ಟಿರಬೇಕು? ಸತ್ತವರು ಮತ್ತೆ ಬರಬೇಕಾ, ಬೇಡವಾ? ಮೊದಲನೆಯದಕ್ಕೆ ನಾರ್ಮಲ್ ಸಾಕು. ಎರಡನೆಯದರಲ್ಲಿ ಕ್ಯಾಶುವಲ್ ಆರಿಸಿದರೆ ಬಿದ್ದವರು ಮುಂದಿನ ಅಧ್ಯಾಯಕ್ಕೆ ಎದ್ದು ಬರುತ್ತಾರೆ, ಕ್ಲಾಸಿಕ್ ಆರಿಸಿದರೆ ಬರುವುದಿಲ್ಲ. ಹೊಸಬರು ಕ್ಲಾಸಿಕ್ ಆರಿಸಿ ಅನ್ನುವುದೇ ನನ್ನ ಸಲಹೆ. ನಾರ್ಮಲ್‌ನಲ್ಲಿ ಹರಳನ್ನು ಎಷ್ಟು ಸಲ ಬೇಕಾದರೂ ತಿರುಗಿಸಬಹುದು, ಹಾಗಾಗಿ ಭಯಪಡಬೇಕಾಗಿಲ್ಲ.

ಅವನು ಕ್ಲಾಸಿಕ್ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ.

"ಸತ್ರೆ ಖರೇನೂ ಬರಂಗಿಲ್ಲೇನು?"

"ಬರಂಗಿಲ್ಲ."

ಒತ್ತಿದ. ಮೊದಲ ಯುದ್ಧದಲ್ಲಿ ಒಂದು ನಡೆಗೆ ಎರಡು ನಿಮಿಷ ತಗೊಂಡ. ಮಿರ್ಚಿ ತಣ್ಣಗಾಯಿತು.